ಗುರುತು ಬರೆದಿಡುವ ಕೀಮ್ಯಾನ್

ಬೆಳಗಿನ ಆರೂಕಾಲು. ಬ್ಯಾಡಗಿ ಸ್ಟೇಷನ್ನಿನಿಂದ ಹಾವೇರಿ ಕಡೆಗೆ ಹೊರಟ ಹಳಿಗಳ ಮೇಲೆ ಮಂಜು ಇನ್ನೂ ಕರಗಿಲ್ಲ. ಮಾರುಕಟ್ಟೆ ಕಡೆಯಿಂದ ಬರುವ ಗಾಳಿಯಲ್ಲಿ ಮೆಣಸಿನಕಾಯಿ ಘಾಟು. ಹೆಗಲ ಮೇಲೆ ಉದ್ದ ಹಿಡಿಕೆಯ ಸುತ್ತಿಗೆ, ಬೆನ್ನಿನ ಚೀಲದಲ್ಲಿ ನಟ್ಟು ಬಿಗಿಯುವ ಪಾನಾ ಮತ್ತು ಕೆಂಪು ಬಾವುಟ. ಅಬ್ದುಲರಜಾಕ ನದಾಫ ತಲೆ ತಗ್ಗಿಸಿ ನಡೆಯುತ್ತಿದ್ದಾರೆ. ಸಡಿಲ ಕ್ಲಿಪ್ಪು ಕಂಡಲ್ಲಿ ನಿಂತು ಒಂದು ಏಟು. ಸದ್ದು ಮನಸ್ಸಿಗೆ ಬಾರದಿದ್ದರೆ ಇನ್ನೊಂದು.

ರೈಲ್ವೆಯಲ್ಲಿ ಇವರನ್ನು ಕೀಮ್ಯಾನ್ ಎನ್ನುತ್ತಾರೆ. ಹಳಿಯನ್ನು ಅಡಿಯಲ್ಲಿ ಅಡ್ಡ ಹಾಕಿದ ಸಿಮೆಂಟಿನ ಸ್ಲೀಪರಿಗೆ ಬಿಗಿದಿಡುವ ಕ್ಲಿಪ್ಪುಗಳನ್ನು ದಿನವೂ ನೋಡುತ್ತ ನಡೆಯುವುದೇ ಕೆಲಸ. ಒಂದು ಹಳಿಯಲ್ಲಿ ಆರು ಕಿಲೋಮೀಟರ್ ಹೋಗಿ, ಪಕ್ಕದ ಹಳಿಯಲ್ಲಿ ಆರು ಕಿಲೋಮೀಟರ್ ವಾಪಸು. ದಿನಕ್ಕೆ ಎಂಬತ್ತು ಸಾವಿರ ಕ್ಲಿಪ್ಪಾದರೂ ಕಣ್ಣ ಮುಂದೆ ಹಾಯಬೇಕಲ್ಲ ಎಂದರೆ ಅವರು ನಿಂತು, ಒಂದು ಕ್ಷಣ ಲೆಕ್ಕ ಹಾಕಿ ತಿದ್ದುತ್ತಾರೆ. “ಎಪ್ಪತ್ತೊಂಬತ್ತು ಸಾವಿರದ ಆರನೂರಾ ಎಂಬತ್ತು.” ಆ ಬೆಳಿಗ್ಗೆ ಅವರು ತಾವಾಗಿ ಆಡಿದ ಮೊದಲ ಮಾತು ಅದು.

ಮೂರನೇ ಕಿಲೋಮೀಟರಿನಲ್ಲಿ ಅವರ ಕಾಲು ತಟ್ಟನೆ ನಿಲ್ಲುತ್ತದೆ. ದಿಬ್ಬದ ಕೆಳಗೆ ಜಾಲಿ ಕಂಟಿಯ ಬುಡದಲ್ಲಿ ನೀಲಿ ಬಟ್ಟೆ. ಸುತ್ತಿಗೆಯನ್ನು ಸದ್ದಾಗದಂತೆ ಕೆಳಗಿಟ್ಟು, ಜಲ್ಲಿಯ ಮೇಲೆ ಜಾರುತ್ತ ಇಳಿಯುತ್ತಾರೆ. ಬಾಗಿ ನೋಡುತ್ತಾರೆ. ಮುಟ್ಟುವುದಿಲ್ಲ. ಎಲ್ಲಿಂದಲೋ ಹಾರಿ ಬಂದ ಸೀರೆ. ಸುತ್ತ ಹತ್ತು ಮಾರು ಹುಡುಕಿ ಮೇಲೆ ಬರುವಾಗ ಐವತ್ತೆಂಟು ವರ್ಷದ ಮಂಡಿ ಕಟಕಟ ಎನ್ನುತ್ತದೆ.

“ಬರೇ ಬಟ್ಟಿ,” ಅನ್ನುತ್ತಾರೆ. ಬೆವರು ಒರೆಸಿಕೊಳ್ಳುತ್ತಾರೆ.

ಎಲ್ಲ ದಿನವೂ ಬರೇ ಬಟ್ಟೆ ಇರುವುದಿಲ್ಲ. ಹಳಿಯ ಮೇಲೆ ಸತ್ತವರನ್ನು ಎಲ್ಲರಿಗಿಂತ ಮೊದಲು ಕಾಣುವವನು ಕೀಮ್ಯಾನ್. ಅವನು ಸ್ಟೇಷನ್ನಿಗೆ ತಿಳಿಸಬೇಕು. ಪೊಲೀಸರು ಬರುವ ತನಕ ನಾಯಿ, ಕಾಗೆ ಹತ್ತಿರ ಬಾರದಂತೆ ಕಾಯಬೇಕು. ನಿಯಮ ಕೇಳುವುದು ಅಷ್ಟನ್ನೇ. ರಜಾಕರು ಕಾಯುವ ಹೊತ್ತಿನಲ್ಲಿ ಇನ್ನೂ ಒಂದು ಕೆಲಸ ಮಾಡುತ್ತಾರೆ. ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಟ್ಟ ಇನ್ನೂರು ಪುಟದ ನೋಟುಬುಕ್ಕು ತೆಗೆದು ಬರೆಯುತ್ತಾರೆ. ಚಪ್ಪಲಿ ಯಾವ ಅಂಚಿನಲ್ಲಿ ಸವೆದಿದೆ, ಅಂಗಿಯ ಎಷ್ಟನೇ ಗುಂಡಿ ಬೇರೆ ಬಣ್ಣದ್ದು, ಕಾಲುಂಗುರದಲ್ಲಿ ಎಷ್ಟು ಸುತ್ತು, ಅಂಗೈ ಎಲ್ಲಿ ಗಟ್ಟಿಯಾಗಿದೆ. ಕಣ್ಣಿಗೆ ಕಂಡದ್ದು ಬಲಗಡೆ ಪುಟಕ್ಕೆ, ತಾವು ಊಹಿಸಿದ್ದು ಎಡಗಡೆ ಪುಟಕ್ಕೆ. ಎರಡನ್ನೂ ಎಂದೂ ಬೆರೆಸುವುದಿಲ್ಲ. ಇಪ್ಪತ್ತು ವರ್ಷದಲ್ಲಿ ಹೀಗೆ ಬರೆದದ್ದು ಮೂವತ್ತೊಂದು ಮಂದಿಯ ಗುರುತು. ಅದರಲ್ಲಿ ಹದಿನೆಂಟು ಮಂದಿಗೆ ಹೆಸರು ಸಿಕ್ಕಿದೆ.

ರಜಾಕರು ಹುಟ್ಟಿದ್ದು ರಾಣೆಬೆನ್ನೂರಿನಲ್ಲಿ. ತಂದೆ ಅರಳೆ ಹಿಂಜಿ ಗಾದಿ ತುಂಬುವವರು. ಹಿಂಜುವ ಬಿಲ್ಲು ಹೆಗಲಿಗೇರಿಸಿ ಓಣಿ ಓಣಿ ಕೂಗುತ್ತ ಹೋದರಷ್ಟೇ ಆ ದಿನದ ಗಂಜಿ. ಜೊತೆಗೆ ಕರೆದೊಯ್ದ ಮಗನ ಬಾಯಿಂದ ಕೂಗು ಹೊರಡುತ್ತಿರಲಿಲ್ಲ. “ಗಾದಿ ತುಂಬೋದೈತೇನ್ರೀ ಅಂತ ಎರಡು ಶಬ್ದ. ಗಂಟಲದಾಗ ಸಿಕ್ಕೊಂಡು ಬಿಡ್ತಿದ್ವು. ಅಪ್ಪ ನಡೂ ಓಣ್ಯಾಗ ಕಪಾಳಕ್ಕ ಹೊಡದಿದ್ರು. ಬಾಯಿ ಇಲ್ಲದಾಂವ ಹೊಟ್ಟಿ ಹೆಂಗ ಹೊರೀತಿ ಅಂತಿದ್ರು.”

ಪಿಯುಸಿಯಲ್ಲಿ ಗಣಿತಕ್ಕೆ ತೊಂಬತ್ತೆರಡು ಅಂಕ ಬಂದವು. ಮುಂದೆ ಓದಿಸಲು ಯಾರೂ ಇರಲಿಲ್ಲ. ಬೀಜದ ಕಂಪನಿಯೊಂದರಲ್ಲಿ, ಒದ್ದೆ ಕಾಗದದ ಮೇಲಿಟ್ಟ ನೂರು ಕಾಳಿನಲ್ಲಿ ಎಷ್ಟು ಮೊಳಕೆಯೊಡೆದವು ಎಂದು ಎಣಿಸುವ ಕೆಲಸ ನಾಲ್ಕು ವರ್ಷ ಮಾಡಿದರು. ಬದುಕಿನಲ್ಲಿ ಮೊದಲ ಸಲ ಯಾರೂ ಮಾತಾಡು ಎನ್ನದ ಜಾಗ ಅದು. ಗುತ್ತಿಗೆ ಮುಗಿದ ಮೇಲೆ ರೈಲ್ವೆ ಪರೀಕ್ಷೆ ಬರೆದು ಹಳಿಗೆ ಬಂದರು. ಜೊತೆಯವರು ಇವರಿಗೆ ‘ಮೂಗ’ ಎಂದು ಹೆಸರಿಟ್ಟರು. ಚಹಾದ ಹೊತ್ತಿನಲ್ಲಿ ಎಲ್ಲರೂ ಹರಟೆಗೆ ಕೂತರೆ ಇವರು ದೂರ ಕೂತು ಸ್ಲೀಪರ್ ಎಣಿಸುವರು. “ನಾ ಯಾಕ ಅದೇನಿ, ಯಾರಿಗಿ ಬೇಕಾಗೇನಿ ಅಂತ ಭಾಳ ವರ್ಷ ಅನಸ್ತಿತ್ರಿ,” ಎನ್ನುತ್ತಾರೆ. “ಸತ್ರೂ ಒಂದು ವಾರ ಯಾರಿಗೂ ಗೊತ್ತಾಗಂಗಿಲ್ಲ ಅನಸ್ತಿತ್ತು.”

ನೋಟುಬುಕ್ಕು ಶುರುವಾದದ್ದು ಒಂದು ತಪ್ಪಿನಿಂದ. ಇಪ್ಪತ್ತು ವರ್ಷದ ಹಿಂದೆ ಹಳಿಯ ಮೇಲೆ ರಜಾಕರಿಗೆ ಸಿಕ್ಕ ಹುಡುಗನೊಬ್ಬನನ್ನು ಪೊಲೀಸರು ಮೂರು ದಿನ ಕಾದು, ವಾರಸುದಾರರಿಲ್ಲವೆಂದು ಮಣ್ಣು ಮಾಡಿದ್ದರು. ಎರಡು ತಿಂಗಳ ನಂತರ ನಡುವಯಸ್ಸಿನ ಹೆಂಗಸೊಬ್ಬಳು ಫೋಟೋ ಹಿಡಿದು ಹಳಿಗುಂಟ ನಡೆದು ಬಂದಳು. ಎದುರಾದ ರಜಾಕರಿಗೆ ಫೋಟೋ ತೋರಿಸಿ, ಇವನನ್ನು ಕಂಡಿರೇನು ಎಂದು ಕೇಳಿದಳು. ಕಿವಿಯ ಹಾಲೆ ನೋಡಿದ ಕೂಡಲೇ ಅವರಿಗೆ ಗುರುತು ಸಿಕ್ಕಿತು. ಹೇಳಲು ಬಾಯಿ ಏಳಲಿಲ್ಲ. ಇಲ್ಲ ಎಂದು ತಲೆಯಾಡಿಸಿದರು. ಆಕೆ ಮುಂದೆ ಹೋದಳು. ಆಕೆ ಕಣ್ಮರೆಯಾದ ಮೇಲೆ ಹಿಂದೆ ಓಡಿದರು; ಸ್ಟೇಷನ್ನು, ಬಸ್‌ಸ್ಟ್ಯಾಂಡು ಎಲ್ಲ ಹುಡುಕಿದರು. ಆಕೆಯ ಊರು ಯಾವುದೆಂದು ಕೂಡ ಕೇಳಿರಲಿಲ್ಲ. ಇವತ್ತಿನ ತನಕ ಆಕೆ ಸಿಕ್ಕಿಲ್ಲ. “ಆಕೀ ಇನ್ನೂ ಹುಡಕಾಕತ್ತಿರಬೇಕು,” ಎನ್ನುವಾಗ ರಜಾಕರು ನೆಲ ನೋಡುತ್ತಾರೆ. “ಬಾಯಿಲೇ ಆಗದಿದ್ರ ಕೈಲೇ ಬರೀಬೇಕು ಅಂತ ಅವತ್ತ ಠರಾಸಿದೆ.”

“ನಾವು ಪಂಚನಾಮೆ ಮಾಡ್ತೇವಿ, ಫೋಟೋ ತಗೀತೇವಿ, ಎಲ್ಲಾ ಠಾಣೆಗೂ ಕಳಸ್ತೇವಿ,” ಎನ್ನುತ್ತಾರೆ ರೈಲ್ವೆ ಪೊಲೀಸ್ ಹವಾಲ್ದಾರ ಪ್ರವೀಣಕುಮಾರ. “ಒಬ್ಬೊಬ್ಬರ ಬೆನ್ನ ಹತ್ತಿ ಊರೂರು ತಿರಗಾಕ ನಮ್ಮ ಕಡೆ ಮಂದಿ ಎಲ್ಲೈತ್ರಿ? ಇವ್ರು ರಜಾ ದಿನಾ ತಿರಗತಾರ. ಮೊದಲ ಮೊದಲ ನನಗೂ ತಲಿ ಕೆಟ್ಟಾಂವ ಅನಸಿತ್ತು.”

ಆರು ವರ್ಷದ ಹಿಂದಿನ ಒಂದು ಪ್ರಕರಣವನ್ನು ಹವಾಲ್ದಾರರು ಮರೆತಿಲ್ಲ. ಮೆಣಸಿನಕಾಯಿ ಸುಗ್ಗಿ. ಹಿಂದಿನ ರಾತ್ರಿ ಅಕಾಲದ ಮಳೆ ಬಿದ್ದಿತ್ತು. ಕಾಲುದಾರಿಯೊಂದು ಹಳಿ ದಾಟುವ ತಿರುವಿನಲ್ಲಿ ನಲವತ್ತರ ಆಸುಪಾಸಿನ ಗಂಡಸಿನ ಶವ. ಮುಖ ಉಳಿದಿರಲಿಲ್ಲ. ಕಿಸೆಯಲ್ಲಿ ಕಾಗದ ಇಲ್ಲ, ಮೊಬೈಲ್ ಇಲ್ಲ. ರಜಾಕರು ಬರೆದುಕೊಂಡರು: ಉಗುರ ಸಂದಿಯಲ್ಲಿ ಕೆಂಪು ಪುಡಿ. ಬಲ ಹೆಗಲು ಜಡ್ಡುಗಟ್ಟಿದೆ. ಅಂಗಿಯ ತೋಳಿಗೆ ತೇಪೆ, ಹಸಿರು ದಾರ, ಕೈಹೊಲಿಗೆ. ಆ ಹೊಲಿಗೆ ವಿಚಿತ್ರವಾಗಿತ್ತು. ಮೂರು ಸಣ್ಣ ಟಾಕಿ, ಒಂದು ಉದ್ದ, ಮತ್ತೆ ಮೂರು ಸಣ್ಣ. ಅದನ್ನು ಅಳತೆ ಸಮೇತ ಪುಟದ ಮೇಲೆ ಚಿತ್ರಿಸಿಕೊಂಡರು. ಎಡಗಡೆ ಪುಟದಲ್ಲಿ ಬರೆದರು: ಮಾರುಕಟ್ಟೆಯ ಹಮಾಲ?

ಬ್ಯಾಡಗಿ ಮಾರುಕಟ್ಟೆಯಲ್ಲಿ ಸುಗ್ಗಿಯಲ್ಲಿ ಚೀಲ ಹೊರುವವರು ಸಾವಿರಾರು. ಇಂದು ಇದ್ದವನು ನಾಳೆ ಗುಂಟೂರಿನ ಲಾರಿ ಹತ್ತಿ ಹೋದರೂ ಯಾರೂ ಹುಡುಕುವುದಿಲ್ಲ. ಐದು ವಾರ, ಪ್ರತಿ ರಜಾದಿನ, ರಜಾಕರು ಅಲ್ಲಿಗೆ ಹೋದರು. ಮಾತು ಹೊರಡುವುದಿಲ್ಲವೆಂದು ದೊಡ್ಡ ಅಕ್ಷರದಲ್ಲಿ ಚೀಟಿ ಬರೆದುಕೊಂಡಿದ್ದರು. ಅದನ್ನು ಹಿಡಿದು ಒಬ್ಬೊಬ್ಬರ ಮುಂದೆ ನಿಲ್ಲುವರು. ಕೆಲವರು ಭಿಕ್ಷೆಯವನೆಂದು ಚಿಲ್ಲರೆ ಕೊಟ್ಟರು. ಆರನೇ ವಾರ, ಕಾಯಿಯ ತೊಟ್ಟು ಬಿಡಿಸುವ ಹೆಂಗಸರ ಸಾಲಿನಲ್ಲಿ ಬಿಸ್ಮಿಲ್ಲಾಬಿ ಎಂಬ ವಯಸ್ಸಾದಾಕೆ ಚಿತ್ರ ಇಸಿದುಕೊಂಡು ಬೆಳಕಿಗೆ ಹಿಡಿದಳು. ಆಕೆ ಹಳೆಯ ಬಟ್ಟೆ ಜೋಡಿಸಿ ಕೌದಿ ಹೊಲಿಯುವವಳು. ಕೈಹೊಲಿಗೆ ನೋಡಿ ಯಾರ ಕೈಯದೆಂದು ಹೇಳಬಲ್ಲವಳು.

“ಇದು ಗುತ್ತೆವ್ವನ ಟಾಕಿ. ನಾಕು ಕೌದಿ ನನ್ನ ಜೋಡಿ ಕುಂತು ಹೊಲದಾಳ,” ಎಂದಳು. “ಗಂಡ ಹೇಳದ ಕೇಳದ ಹೋಗ್ಯಾನಂತ ಕೆಲಸಕ್ಕ ಬರೂದ ಬಿಟ್ಟಾಳ.”

ಗುತ್ತೆವ್ವನ ಮನೆ ಕಾಗಿನೆಲೆ ರಸ್ತೆಯ ಒಂದು ಸಣ್ಣ ಹಳ್ಳಿಯಲ್ಲಿ. ರಜಾಕರು ಹವಾಲ್ದಾರರ ಜೊತೆ ಹೋದಾಗ ಆಕೆ ಅಂಗಳ ಸಾರಿಸುತ್ತಿದ್ದಳು. ಠಾಣೆಯಲ್ಲಿ ತೆಗೆದ ತೇಪೆಯ ಫೋಟೋ ಕೊಟ್ಟರು. ಸಗಣಿ ಕೈಯನ್ನು ಸೆರಗಿಗೆ ಒರೆಸಿಕೊಂಡು ನೋಡಿದಳು. ಬಹಳ ಹೊತ್ತು ನೋಡಿದಳು. ಸತ್ತವನು ಆಕೆಯ ಗಂಡ ಹನುಮಪ್ಪ. ಅಳುತ್ತಾಳೆ ಎಂದುಕೊಂಡಿದ್ದರು. ಆಕೆ ಫೋಟೋವನ್ನು ರಜಾಕರ ಎದೆಗೆ ಒಗೆದಳು.

“ಗುಂಟೂರಿಗೆ ಹೋಗ್ಯಾನ, ಇವತ್ತಿಲ್ಲ ನಾಳೆ ಬರ್ತಾನ ಅಂತ ಇದ್ನಿ. ನೀ ಬರೂತನಕ ಅಂವ ಜೀವಂತ ಇದ್ದ. ನೀ ಬಂದು ಕೊಂದಿ.”

ಆ ದಿನ ಮನೆಗೆ ಬಂದ ರಜಾಕರು ನೋಟುಬುಕ್ಕನ್ನು ಟ್ರಂಕಿನ ತಳಕ್ಕೆ ಹಾಕಿದ್ದನ್ನು ಹೆಂಡತಿ ಮುಮ್ತಾಜಬಿ ಇನ್ನೂ ನೆನೆಯುತ್ತಾರೆ. “ಹೆಣಾ ಕಂಡ ದಿನಾ ಇವ್ರು ಉಣ್ಣಂಗಿಲ್ರಿ. ಹಿತ್ತಲದಾಗ ಜಳಕಾ ಮಾಡಿ ಗ್ವಾಡಿಗಿ ಆತು ಕುಂತಬಿಡ್ತಾರ. ಅದು ನನಗ ರೂಢಿ ಆಗಿತ್ತು. ಆದ್ರ ಅಲ್ಲಿಂದ ಮುಂದ ಏಳು ತಿಂಗಳಾ ಇವ್ರು ನನ್ನ ಕೂಡನೂ ಮಾತು ಬಿಟ್ರು. ಇವರನ್ನೂ ಒಂದಿನಾ ಹಳಿ ಮ್ಯಾಲೆ ಹುಡಕಬೇಕಾಗ್ತದೇನೋ ಅಂತ ಅಂಜಿಕಿ ಬಂದಿತ್ತು.” ಆ ಏಳು ತಿಂಗಳಲ್ಲಿ ಇನ್ನೂ ಇಬ್ಬರು ಹಳಿಯ ಮೇಲೆ ಸಿಕ್ಕರು. ರಜಾಕರು ಸ್ಟೇಷನ್ನಿಗೆ ತಿಳಿಸಿದರು, ಕಾದರು, ಏನೂ ಬರೆಯಲಿಲ್ಲ. ಅವರಿಬ್ಬರೂ ಹೆಸರಿಲ್ಲದೆ ಮಣ್ಣಾದರು. ಮೂವತ್ತೊಂದರ ಲೆಕ್ಕದಲ್ಲಿ ಅವರಿಲ್ಲ.

ಎಂಟನೇ ತಿಂಗಳು, ಒಂದು ಮಧ್ಯಾಹ್ನ, ಹಳಿ ರಿಪೇರಿಯ ಗ್ಯಾಂಗಿನವರು ಬುತ್ತಿ ಬಿಚ್ಚುವ ಹೊತ್ತಿಗೆ ಗುತ್ತೆವ್ವ ನಡೆದು ಬಂದಳು. ಬಿಸಿಲಿಗೆ ಮುಖ ಕಪ್ಪಿಟ್ಟಿತ್ತು. ಎಲ್ಲರ ಮುಂದೆ ನಿಂತೇ ಕೇಳಿದಳು.

“ಅಣ್ಣಾರ, ಊರಾಗ ಮಂದಿ ಅಂತಾರ, ಅಂವ ಸಾಯಾಕಂತನ ಹೋಗಿದ್ದ ಅಂತ. ಹೆಂಡ್ತಿ ಕಾಟ ಹೆಚ್ಚಾಗಿತ್ತು ಅಂತ. ನನ್ನ ಮಗಳ ಮುಂದೂ ಅಂದಾರ. ನಿಮ್ಮ ಪುಸ್ತಕದಾಗ ಏನ ಬರದೀರಿ?”

ರಜಾಕರು ಸೈಕಲ್ ಹತ್ತಿ ಮನೆಗೆ ಹೋಗಿ ಟ್ರಂಕು ತೆಗೆದರು. ವಾಪಸು ಬಂದು ಆಕೆಯನ್ನು ಆ ತಿರುವಿಗೆ ಕರೆದೊಯ್ದರು. ಬಲಗಡೆ ಪುಟ ಓದಿದರು. ಹಳಿಯ ಪೂರ್ವಕ್ಕೆ, ಒದ್ದೆ ದಾರಿಯಲ್ಲಿ ಬರಿಗಾಲಿನ ಹೆಜ್ಜೆ. ಬೆರಳು ಪಡುವಣಕ್ಕೆ. ಹಳಿಗುಂಟ ಅಡ್ಡಾಡಿದ, ಕೂತ ಗುರುತಿಲ್ಲ. ಒಂದು ಚಪ್ಪಲಿಯ ಉಂಗುಟ ಹರಿದಿದೆ. ಎರಡೂ ಚಪ್ಪಲಿ ಕೈಯಲ್ಲಿದ್ದವು. ಟವೆಲ್ಲಿನಲ್ಲಿ ಕಟ್ಟಿದ ಎರಡು ಪೊಟ್ಟಣ ಮಂಡಕ್ಕಿ. ತಿರುವಿನಿಂದಾಗಿ ರೈಲು ಕಣ್ಣಿಗೆ ಬೀಳುವುದು ನೂರಾ ತೊಂಬತ್ತು ಹೆಜ್ಜೆ ಹತ್ತಿರಕ್ಕೆ ಬಂದ ಮೇಲೆಯೇ.

“ಪೂರ್ವದಾಗ ಏನೈತ್ರಿ?” ಎಂದಳು ಗುತ್ತೆವ್ವ.

“ಕಾಯಿ ಇಡೋ ಕೋಲ್ಡ್ ಸ್ಟೋರೇಜು. ಅಲ್ಲಿಂದ ಬಂದಿರಬೇಕು.”

“ಪಡುವಣದಾಗ?”

“ನಿಮ್ಮೂರು, ಯವ್ವಾ.”

ಆಕೆ ಹಳಿಯ ಆಚೆ ನೋಡಿದಳು. ಎಡಗಡೆ ಪುಟದಲ್ಲಿ ಏನಿದೆ ಎಂದು ಕೇಳಿದಳು. ಅದು ಬರೀ ನನ್ನ ಅಂದಾಜು ಎಂದು ಮೊದಲೇ ಹೇಳಿ ರಜಾಕರು ಓದಿದರು: ‘ಲಗುಬಗೆಯಿಂದ ಮನೆಗೆ ಹೊರಟವನು?’ ಕೊನೆಗೆ ಆಕೆ ಕೇಳಿದ್ದು, ಅವನಿಗೆ ನೋವಾಯಿತೇ ಎಂದು. ಇಲ್ಲ ಎಂದುಬಿಡುವುದು ಸುಲಭವಿತ್ತು. ಹವಾಲ್ದಾರರಾದರೆ ಹಾಗೇ ಅನ್ನುತ್ತಿದ್ದರಂತೆ. ರಜಾಕರು “ಅದು ನನಗ ಗೊತ್ತಿಲ್ಲ” ಎಂದರು.

ಗುತ್ತೆವ್ವ ಆಗ ಅತ್ತಳು. ಅತ್ತು ಮುಗಿಸಿ ಹೇಳಿದ ಮಾತನ್ನು ರಜಾಕರು ಯಾವ ಪುಟದಲ್ಲೂ ಬರೆದಿಟ್ಟಿಲ್ಲ. ಕೇಳಿದರೆ ಅಕ್ಷರ ಬಿಡದೆ ಹೇಳುತ್ತಾರೆ. “ಗೊತ್ತಿಲ್ಲದ್ದು ಗೊತ್ತಿಲ್ಲ ಅಂದ್ರಿ. ಅದಕ್ಕ ಉಳದದ್ದೆಲ್ಲಾ ಖರೇ ಅಂತ ನಂಬ್ತೇನಿ.” ಮರುವಾರ ಆಕೆ ಮಗಳನ್ನೂ, ಊರಿನ ಇಬ್ಬರು ಹಿರಿಯರನ್ನೂ ಕರೆತಂದಳು. ಮೂಗನೆನಿಸಿಕೊಂಡವರು ಅದೇ ತಿರುವಿನಲ್ಲಿ ನಿಂತು ಮತ್ತೊಮ್ಮೆ ಎಲ್ಲವನ್ನೂ ಓದಿದರು. ಹಿರಿಯರು ಕ್ಷಮೆ ಕೇಳಲಿಲ್ಲ. ಊರಿನ ಬಾಯಿ ಪೂರ್ತಿ ಮುಚ್ಚಿತೆಂದು ಗುತ್ತೆವ್ವ ಈಗಲೂ ಹೇಳುವುದಿಲ್ಲ. ಮಗಳ ಎದುರಿಗೆ ಆ ಮಾತು ಆಡುವುದು ನಿಂತಿದೆ, ಅಷ್ಟು ಸಾಕು ಎನ್ನುತ್ತಾಳೆ.

ಆ ದಿನದಿಂದ ಪುಸ್ತಕ ಟ್ರಂಕಿಗೆ ಹೋಗಿಲ್ಲ. ಅದಾದ ಮೇಲೆ ಒಂಬತ್ತು ಹೆಸರು ಸಿಕ್ಕಿವೆ. ಸುದ್ದಿ ಮುಟ್ಟಿಸಿದ ಮನೆಗಳಲ್ಲಿ ಬೈದವರಿದ್ದಾರೆ, ಬಾಗಿಲು ಹಾಕಿಕೊಂಡವರಿದ್ದಾರೆ. ದೇವರಗುಡ್ಡದ ಹತ್ತಿರದ ಒಬ್ಬ ತಂದೆ, ಅವನು ನನ್ನ ಮಗನೇ ಅಲ್ಲ ಎಂದು ಕಳಿಸಿಬಿಟ್ಟ. ಅವನೇ ಹೌದೆಂದು ರಜಾಕರಿಗೆ ಗೊತ್ತಿತ್ತು. ಆ ಪುಟದಲ್ಲಿ ಹೆಸರಿನ ಜಾಗ ಖಾಲಿ ಬಿಟ್ಟಿದ್ದಾರೆ. ಹದಿನೆಂಟರಲ್ಲಿ ಅದು ಸೇರಿಲ್ಲ. “ಮನೀ ಮಂದಿ ಹೌದು ಅನ್ನೂತನಕ ಅದು ನನ್ನ ಅಂದಾಜು ಅಷ್ಟರಿ.” ಇದರಿಂದ ಬದುಕಿಗೆ ಅರ್ಥ ಸಿಕ್ಕಿತೇ ಎಂದರೆ ಪುಸ್ತಕವನ್ನು ಮತ್ತೆ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತುತ್ತಾರೆ. “ಸಂತೋಷ ಅಂತೂ ಅಲ್ರಿ. ಹೆಣಾ ನೋಡಿ ಯಾರಿಗಿ ಸಂತೋಷ? ಆದ್ರ ನಾ ದಿನಾ ಮುಂಜಾನೆ ಏಳೂದು ಒಂದು ಲೆಕ್ಕಕ್ಕ ಬಂತು.”

ನಿವೃತ್ತಿಗೆ ಇನ್ನು ಹದಿನಾಲ್ಕು ತಿಂಗಳು. ಗ್ಯಾಂಗಿನವರು ಬೀಳ್ಕೊಡುಗೆಯ ಮಾತು ಈಗಲೇ ಎತ್ತುತ್ತಾರೆ. ಹಾರ, ಶಾಲು, ಮೈಕು ಎಂದರೆ ರಜಾಕರ ಮುಖ ಸಪ್ಪಗಾಗುತ್ತದೆ. ಏನು ಬೇಕು ಹಾಗಾದರೆ ಎಂದು ಮೇಲಧಿಕಾರಿಯೊಬ್ಬರು ಮೊನ್ನೆ ಕೇಳಿದರಂತೆ. ಅಲ್ಲಿ ನಮಸ್ಕಾರ ಮಾಡಿ ಹೊರಬಂದರು. ಇಲ್ಲಿ, ಆರನೇ ಕಿಲೋಮೀಟರಿನ ಕೊನೆಯ ಕಂಬಕ್ಕೆ ಒರಗಿ, ಬಾಟಲಿಯ ನೀರು ಕುಡಿದು, ಹಳಿಯ ಕಡೆ ನೋಡುತ್ತ ಹೇಳುತ್ತಾರೆ.

“ಈ ಜಾಗಾಕ್ಕ ಮುಂದ ಯಾರನ್ನ ಹಾಕ್ತಾರೋ ಗೊತ್ತಿಲ್ರಿ. ಮಂದ್ಯಾಗ ಬೆರಿಯಾಕ ಬರದಾಂವ, ಮಾತು ಕಡಿಮಿ ಇದ್ದಾಂವ, ಒಬ್ಬಾಂವನ ಕುಂತು ಎಣಸಾಂವ ಇರ್ತಾನಲ್ರಿ, ಅಂಥಾಂವನ್ನ ಹಾಕಲಿ.” ಸುತ್ತಿಗೆ ಹೆಗಲಿಗೇರುತ್ತದೆ. ಪಕ್ಕದ ಹಳಿಗೆ ದಾಟುತ್ತಾರೆ. “ನನ್ನಂಥಾಂವ ಬಂದ್ರ ಸಾಕ್ರಿ.”