ಓಡಿಹೋಗದ ಮರಿಯಪ್ಪನಿಗೊಂದು ಎಡೆ

ನಿವೃತ್ತನಾದ ಮೇಲೆ ನನಗೆ ಹತ್ತಿದ ಹುಚ್ಚು ವಂಶವೃಕ್ಷದ್ದು. ಮನೆತನಗಳ ಪೀಳಿಗೆ ಹೇಳುವ ಹೆಳವ ಊರಿಗೆ ಬಂದಿದ್ದಾನೆಂದು ಗೊತ್ತಾದದ್ದೇ ತಡ, ನಮ್ಮೂರು ಸಾತನೂರಿನ ಬಸ್ಸು ಹತ್ತಿಬಿಟ್ಟೆ.

ಹೆಳವ ನಮ್ಮ ಜಗಲಿಯಲ್ಲಿ ಕೂತು, ತನ್ನ ಹಿರಿಯರ ಹೊತ್ತಿಗೆ ಬಿಚ್ಚಿ, ಹತ್ತೊಂಬತ್ತನೇ ಶತಮಾನದಲ್ಲಿದ್ದ ನನ್ನ ಮುತ್ತಾತ ಕೆಂಪಯ್ಯನವರೆಗೆ ಬಂದ. "ಕೆಂಪಯ್ಯನ ತಮ್ಮ ಮರಿಯಪ್ಪ. ಬದುವಿನ ಜಗಳದಾಗೆ ಅಣ್ಣನೇ ಗುದ್ದಲೀಲಿ ಹೊಡೆದು ಕೊಂದ."

ಮರಿಯಪ್ಪ ಸನ್ಯಾಸಿಯಾಗಿ ಓಡಿಹೋದನೆಂದೇ ನಾವೆಲ್ಲ ಕೇಳಿದ್ದು! ಮನೆ ಬಿಟ್ಟವನೆಂದು ಪಿತೃಪಕ್ಷದಲ್ಲಿ ಅವನಿಗೆ ಎಡೆಯನ್ನೂ ಇಡುತ್ತಿರಲಿಲ್ಲ.

"ಅದೊಂದ ಬುಟ್ಟು ಓದಯ್ಯ," ಅಂದ ನಮ್ಮಣ್ಣ.

"ಬುಡಕ್ಕಾಗಲ್ಲ ಗೌಡ್ರೆ. ಸತ್ತೋನ ಹೆಸರು ನುಂಗುದ್ರೆ ನನ್ ನಾಲಿಗೆ ಬಿದ್ದೋಯ್ತದೆ."

"ಇನ್ನೊಂದ್ಸಲ ಗಟ್ಟಿಯಾಗಿ ಓದಪ್ಪ, ಬೀದಿಗೂ ಕೇಳ್ಲಿ," ಅಂದೆ ನಾನು.

ಅಣ್ಣ ಸಿಡಿದ. "ಲೇ, ಕೊಂದೋನ ವಂಸ ಅಂತ ಊರೆಲ್ಲ ಆಡ್ಕೊಂಡ್ರೆ ಮಾನ ಉಳೀತದೇನ್ಲಾ?"

"ಸತ್ತೋನೂ ನಮ್ ವಂಸವೇ ಕಣಣ್ಣ!"

ಆ ವರ್ಷದ ಪಿತೃಪಕ್ಷದಲ್ಲಿ, ಅಣ್ಣ ಎಷ್ಟು ಕೂಗಾಡಿದರೂ ಜಗ್ಗದೆ ಮರಿಯಪ್ಪನಿಗೆ ಎಲೆ ಹಾಕಿ ಎಡೆ ಇಟ್ಟೆ. ಕೆಂಪಯ್ಯನಿಗೂ ಇಟ್ಟೆ, ಎಷ್ಟಾದರೂ ಮುತ್ತಾತ. ಆದರೆ ಇಬ್ಬರ ಎಲೆಗಳನ್ನು ಮಾತ್ರ ಒಂದೊಂದು ಮೂಲೆಗೆ ಹಾಕಿದೆ. ಪಕ್ಕಪಕ್ಕ ಕೂರಿಸಿದರೆ ಬದುವಿನ ಜಗಳ ಮತ್ತೆ ಶುರುವಾದೀತು, ನೋಡಿ.