ಒಂದೇ ಸೀಟಿಗೆ ಎರಡು ಟವಲ್

ಮೊನ್ನೆ ತಿಪಟೂರಿನಲ್ಲಿ ಬಸ್ಸಿಳಿದು ಅಡ್ಡದಾರಿ ಹಿಡಿದು ಹೋಗುತ್ತಿದ್ದೆ. ಯಾರದೋ ಬಚ್ಚಲ ಒಲೆಯಲ್ಲಿ ತೆಂಗಿನ ಚಿಪ್ಪು ಉರಿಯುತ್ತಿತ್ತು. ಆ ಹೊಗೆ ಮೂಗಿಗೆ ಬಡಿದದ್ದೇ ತಡ, ಪಕ್ಕದ ಮನೆ ದೊಡ್ಡಮ್ಮ ನೆನಪಾದಳು. ಅವಳ ಸೀರೆಗೆ, ಕೂದಲಿಗೆ, ಕೊನೆಗೆ ಅವಳು ಕೊಡುತ್ತಿದ್ದ ಕಾಫಿಗೂ ಅದೇ ವಾಸನೆ ಇರುತ್ತಿತ್ತು…

ದೊಡ್ಡಮ್ಮ ಅಂದರೆ ರಕ್ತಸಂಬಂಧವೇನಲ್ಲ. ತುರುವೇಕೆರೆ ಕಡೆಯ ನಮ್ಮೂರಿನಲ್ಲಿ ನಮ್ಮಿಬ್ಬರ ಹಿತ್ತಿಲುಗಳ ನಡುವೆ ಇದ್ದದ್ದು ಒಂದೇ ಗೋಡೆ, ಅಷ್ಟೇ. ಅವಳದು ಕೊಬ್ಬರಿ ಬಿಡಿಸುವ ಕೆಲಸ. ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಿ, ಅಲ್ಲಾಡಿಸಿದರೆ ಒಳಗೆ ಗಡಗಡ ಎನ್ನುವ ಕಾಯನ್ನು ಎಡಗೈಯಲ್ಲಿ ತಿರುಗಿಸುತ್ತಾ, ಬಲಗೈಯ ಮಚ್ಚಿನಿಂದ ಸುತ್ತಲೂ ಬಡಿದು, ಒಳಗಿನ ಉಂಡೆಗೆ ಒಂದು ಗೀರೂ ಬೀಳದ ಹಾಗೆ ಚಿಪ್ಪು ಬಿಡಿಸುತ್ತಿದ್ದಳು. ಬೆಳಗ್ಗೆ ಶುರುವಾದರೆ ಸಂಜೆಯವರೆಗೂ ಟಕ್ ಟಕ್ ಟಕ್. ಹುಟ್ಟಿದಾಗಿನಿಂದ ಕೇಳಿ ಕೇಳಿ ಅದು ನಮ್ಮ ಕಿವಿಗೆ ಬೀಳುತ್ತಲೇ ಇರಲಿಲ್ಲ.

ಬೀಳತೊಡಗಿದ್ದು ನಾನು ಬೆಂಗಳೂರಿನಲ್ಲಿ ಆರು ತಿಂಗಳ ಕೋಡಿಂಗ್ ಬೂಟ್‌ಕ್ಯಾಂಪ್ ಮುಗಿಸಿಕೊಂಡು ಊರಿಗೆ ಬಂದ ಮೇಲೆ. ಬಿ.ಎ. ಓದಿದವಳು ನಾನು. ಕೋರ್ಸ್ ಮುಗಿದರೆ ಸಾಕು, ಡೆವಲಪರ್ ಕೆಲಸ ಮನೆ ಬಾಗಿಲಿಗೆ ಬರುತ್ತದೆ ಅಂದುಕೊಂಡಿದ್ದೆ. ಬಂತು, ಮಣ್ಣು! ಅರ್ಜಿ ಹಾಕಿದಲ್ಲೆಲ್ಲ ಅನುಭವ ಎಷ್ಟಿದೆ ಎಂದು ಕೇಳುವವರೇ. ಅಪ್ಪ ಜೂನ್ ತನಕ ಗಡುವು ಕೊಟ್ಟಿದ್ದರು. ಅಷ್ಟರೊಳಗೆ ಏನೂ ಆಗದಿದ್ದರೆ ತುರುವೇಕೆರೆಯ ಒಂದು ಶಾಲೆಯ ಆಫೀಸಿನಲ್ಲಿ ಕೆಲಸಕ್ಕೆ ಸೇರಿ, ಈ ಆಸೆಯನ್ನು ಅಲ್ಲಿಗೇ ಬಿಡಬೇಕು.

ಮೊದಲ ವಿಡಿಯೊ ಇಂಟರ್‌ವ್ಯೂ ನಡೆಯುವಾಗ ಆ ಕಡೆಯವರು, “ನಿಮ್ಮನೇಲಿ ಏನಾದ್ರೂ ರಿಪೇರಿ ನಡೀತಿದೆಯಾ?” ಅಂದರು. ನಾನು ತಬ್ಬಿಬ್ಬಾಗಿ ಗೊತ್ತಿದ್ದ ಉತ್ತರವನ್ನೂ ಮರೆತೆ. ಕೋಪ ನನಗೆ ಮೂಗಿನ ತುದಿಯಲ್ಲೇ. ಕಾಲ್ ಮುಗಿದದ್ದೇ ಹಿತ್ತಿಲಿಗೆ ಓಡಿ ಗೋಡೆಯ ಮೇಲಿಂದ ಕಿರುಚಿದೆ. “ಒಂದ್ ಗಂಟೆ ಸುಮ್ನಿರಕ್ಕಾಗಲ್ವಾ ದೊಡ್ಡಮ್ಮ? ನಿನ್ನಿಂದ ನನ್ ಕೆಲ್ಸ ಹೋಯ್ತು!”

ಅವಳು ಮಚ್ಚು ಕೆಳಗಿಟ್ಟಳು. “ಅಯ್ಯೋ, ಗೊತ್ತಾಗ್ಲಿಲ್ಲ ಕಣವ್ವ. ಇನ್ಮ್ಯಾಲೆ ನೀನು ಮಾತಾಡೋವಾಗ ಈ ಗೋಡೆ ಮ್ಯಾಲೆ ಒಂದು ಟವಲ್ ಹಾಕ್ಬುಡು. ಅದನ್ನ ತೆಗೆಯೋಗಂಟ ನಾನು ಮಚ್ಚು ಮುಟ್ಟಲ್ಲ.”

ಹಾಗೇ ನಡೆದುಕೊಂಡಳು. ಟವಲ್ ಬಿದ್ದರೆ ಸಾಕು, ಸದ್ದು ನಿಲ್ಲುತ್ತಿತ್ತು. ಇಂಟರ್‌ವ್ಯೂ ಮುಗಿಸಿ ಬಂದರೆ ಗೋಡೆಯಾಚೆಯಿಂದ ಏನಂದರು ಎಂದು ವಿಚಾರಿಸುತ್ತಿದ್ದಳು. ನೋಡಿ ಹೇಳುತ್ತೇವೆ ಅಂದರು ಎಂದರೆ, “ಹೆಣ್ಣು ನೋಡಕ್ಕೆ ಬಂದೋರೂ ಹಿಂಗೇ ಅಲ್ವೇನೇ ಅನ್ನೋದು, ಉಪ್ಪಿಟ್ಟು ತಿಂದ್ಕಂಡು? ಇವ್ರು ಅದನ್ನೂ ತಿನ್ನಲಿಲ್ಲ, ನಮಗೇ ಉಳೀತು ಬುಡು” ಎಂದು ನಗಿಸುತ್ತಿದ್ದಳು.

ಫೆಬ್ರವರಿ ಹೊತ್ತಿಗೆ ಕರೆಗಳೇ ನಿಂತುಹೋದವು. ಅಪ್ಪ ದಿನಾ ಸಂಜೆ ತೋಟದಿಂದ ಬಂದವರು ನನ್ನ ಮುಖ ನೋಡುತ್ತಿದ್ದರು. ಆ ನೋಟ ತಡೆಯಲಾಗದೆ ನಾನೊಂದು ಕಳ್ಳಾಟ ಶುರುಮಾಡಿದೆ. ಇಂಟರ್‌ವ್ಯೂ ಇಲ್ಲದಿದ್ದರೂ ಗೋಡೆಗೆ ಟವಲ್ ಹಾಕಿ, ಇಸ್ತ್ರಿ ಮಾಡಿದ ಚೂಡಿದಾರ್ ತೊಟ್ಟು, ಬಾಗಿಲು ಹಾಕಿಕೊಂಡು ಲ್ಯಾಪ್‌ಟಾಪ್ ಮುಂದೆ ಸುಮ್ಮನೆ ಕೂರುವುದು. ವಾರಕ್ಕೆ ಒಂದಿದ್ದದ್ದು ಮೂರಾಯಿತು. ಅಮ್ಮ ಅಡುಗೆಮನೆಯಲ್ಲಿ ಪಾತ್ರೆ ಸದ್ದಾಗದಂತೆ ಓಡಾಡುತ್ತಿದ್ದಳು, ಪಾಪ.

ಒಂದು ಮಧ್ಯಾಹ್ನ ಹೀಗೇ ಕೂತಿದ್ದಾಗ ಗೋಡೆಯಾಚೆ ದೊಡ್ಡಮ್ಮನ ಸೊಸೆಯ ದನಿ ಕೇಳಿಸಿತು. “ಅತ್ತೆ, ಸಂಜೆ ಕೊಬ್ಬರಿ ಗಾಡಿ ಬತ್ತದೆ. ರಾಶಿ ಹಂಗೇ ಬಿದ್ದೈತೆ. ಆ ಕಡೆ ಉಸಿರೇ ಇಲ್ಲ, ಅವ್ಳೇನೂ ಮಾತಾಡ್ತಿಲ್ಲ.”

“ಮಾತಾಡ್ದೇ ಇದ್ರೂ ಸರಿ, ಟವಲ್ ಐತಲ್ಲ. ನೀನು ಒಳೀಕ್ ಹೋಗು.”

ಸೊಸೆಯ ಮಾತು ನನಗೆ ಇಷ್ಟು ಸ್ಪಷ್ಟವಾಗಿ ಕೇಳಿದರೆ, ನನ್ನ ಮೌನವೂ ಆ ಕಡೆ ಕೇಳಿಸದೆ ಇರುತ್ತದೆಯೇ? ಇಷ್ಟು ದಿನವೂ ದೊಡ್ಡಮ್ಮನಿಗೆ ಗೊತ್ತಿತ್ತು. ಗೊತ್ತಿದ್ದೂ ಕೆಲಸ ಬಿಟ್ಟು ಕೂರುತ್ತಿದ್ದಳು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಹೋಗಿ ಟವಲ್ ಎಳೆದುಕೊಂಡೆ. “ಇವತ್ತು ಯಾವ ಇಂಟರ್‌ವ್ಯೂನೂ ಇರ್ಲಿಲ್ಲ ದೊಡ್ಡಮ್ಮ. ಮೊನ್ನೇನೂ ಇರ್ಲಿಲ್ಲ” ಅಂದೆ. ಅಳು ಬಂತು.

“ನಂಗೂ ಕೈ ನೋಯ್ತಿತ್ತು, ಕುಂತ್ಕಂಡೆ” ಅಂದಳು. ಅವಳ ಕೈ ನೋಯುತ್ತಿರಲಿಲ್ಲ. “ಸುಮ್ನೆ ಕುಂತ್ರೆ ಕಲ್ತಿದ್ದೂ ಮರ್ತೋಯ್ತದೆ. ಬಾ ಇಲ್ಲಿ, ಅದೇನು ಮಾಡಿದೀಯೋ ನಂಗೇ ಹೇಳು.”

ಬೂಟ್‌ಕ್ಯಾಂಪಿನಲ್ಲಿ ನಾನು ಮಾಡಿದ್ದು ಬಸ್ಸಿನ ಸೀಟು ಕಾಯ್ದಿರಿಸುವ ಒಂದು ವೆಬ್‌ಸೈಟ್. ಕಲಿಕೆಗೆ ಮಾಡಿದ್ದು, ನಿಜವಾದ ಬಸ್ಸು ಯಾವುದೂ ಇಲ್ಲ. ಚಿಪ್ಪಿನ ರಾಶಿಯ ಪಕ್ಕ ಕೂತು ಲ್ಯಾಪ್‌ಟಾಪ್ ತೆರೆದು ತೋರಿಸಿದೆ.

“ಅಂದ್ರೆ ಕಿಟಕೀಲಿ ಟವಲ್ ಹಾಕೋ ಬದ್ಲು ಇದನ್ನ ಒತ್ತೋದು” ಅಂದಳು. ತಿಪಟೂರು ಬಸ್ಸು ಬಂದು ನಿಲ್ಲುವ ಮೊದಲೇ ಕಿಟಕಿಯಿಂದ ಟವಲ್ ಎಸೆದು ಸೀಟು ಹಿಡಿಯುವುದರಲ್ಲಿ ಅವಳು ಎತ್ತಿದ ಕೈ. “ಸರಿ. ನಾನು ಕಿಟಕೀಲಿ ಹಾಕ್ದೆ, ಇನ್ನೊಬ್ಳು ಬಾಗ್ಲಿಂದ ಎಸೆದ್ಲು. ಒಂದೇ ಸೀಟು. ಯಾರಿಗೆ ಕೊಡ್ತೈತೆ ಇದು?”

“ಯಾರು ಮೊದ್ಲು ಒತ್ತುತಾರೋ ಅವ್ರಿಗೆ.”

“ಎರಡೂ ಒಟ್ಟಿಗೇ ಬಿದ್ವು ಕಣೇ!”

ಅದನ್ನು ನಾನು ಪರೀಕ್ಷಿಸಿಯೇ ಇರಲಿಲ್ಲ. ನನ್ನ ಫೋನಿನಲ್ಲೂ ಅದೇ ಸೀಟು ತೆರೆದು ಅವಳ ಕೈಗೆ ಕೊಟ್ಟೆ. ಒಂದು, ಎರಡು, ಮೂರು ಎಂದು ಎಣಿಸಿ ಇಬ್ಬರೂ ಒಟ್ಟಿಗೆ ಒತ್ತಿದೆವು. ನಾಲ್ಕನೇ ಸಲಕ್ಕೆ ಫೋನಿನಲ್ಲೂ ಲ್ಯಾಪ್‌ಟಾಪಿನಲ್ಲೂ ಅದೇ ಸೀಟು ನಿಮ್ಮದು ಎಂದು ಬಂತು. ದೊಡ್ಡಮ್ಮ ತೊಡೆ ತಟ್ಟಿ ನಕ್ಕಳು. “ನೋಡ್ದಾ! ಈಗ ಜುಟ್ಟು ಜುಟ್ಟು ಹಿಡ್ಕಂಡು ಜಗಳ ಆಡ್ಬೇಕು!”

ಅದನ್ನು ಸರಿ ಮಾಡಲು ನನಗೆ ನಾಲ್ಕು ದಿನ ಹಿಡಿಯಿತು. ಅಲ್ಲಿಂದಾಚೆ ದಿನಾ ಒಂದು ಗಂಟೆ ಅವಳ ಪಕ್ಕ ಕೂತು ವಿವರಿಸುತ್ತಿದ್ದೆ. ಅವಳು ಬಡಿಯುತ್ತಾ ಕೇಳಿಸಿಕೊಳ್ಳುತ್ತಿದ್ದಳು, ಅರ್ಥವಾಗದಿದ್ದರೆ ಮಚ್ಚು ನಿಲ್ಲಿಸಿ ನನ್ನ ಮುಖ ನೋಡುತ್ತಿದ್ದಳು…

ಮೇ ಕೊನೆಯಲ್ಲಿ ಒಂದು ಸಣ್ಣ ಕಂಪನಿಯಿಂದ ಕರೆ ಬಂತು. ನಿಮ್ಮ ಕೆಲಸದಲ್ಲಿ ನೀವೇ ಕಂಡುಹಿಡಿದು ಸರಿಪಡಿಸಿದ ಒಂದು ತಪ್ಪು ಹೇಳಿ ಅಂದರು. ಸೀಟಿನ ಕಥೆ ಹೇಳಿದೆ. ಅಲ್ಲಿಯವರೆಗೆ ಎಲ್ಲೋ ನೋಡುತ್ತಿದ್ದವರು ನೆಟ್ಟಗೆ ಕೂತರು. “ಹೊಸಬರಿಗೆ ಸಾಮಾನ್ಯವಾಗಿ ಇದು ಹೊಳೆಯಲ್ಲ. ನಿಮಗೆ ಹೇಗೆ ಹೊಳೀತು?” ಅಂದರು. ಮಚ್ಚು ಹಿಡಿದ ಒಬ್ಬ ಮುದುಕಿಯ ಸುದ್ದಿ ಎತ್ತಿದರೆ ನಗುತ್ತಾರೇನೋ ಎಂದು ಹಿಂಜರಿದೆ. ನಾನೇ ಪರೀಕ್ಷೆ ಮಾಡುವಾಗ ಸಿಕ್ಕಿತು ಎಂದುಬಿಟ್ಟೆ.

ಕೆಲಸ ಸಿಕ್ಕಿತು. ತುಮಕೂರಿನಲ್ಲಿ ರೂಮು ಮಾಡಿ ಅಲ್ಲಿಂದಲೇ ಕೆಲಸ ಮಾಡುವುದೆಂದಾಯಿತು. ಮೈಸೂರುಪಾಕು ಹಿಡಿದು ಗೋಡೆ ಬಳಿ ಓಡಿದಾಗ ದೊಡ್ಡಮ್ಮ ನನ್ನ ಗಲ್ಲ ಹಿಡಿದು, “ಏನ್ ಕೇಳಿದ್ರೇ?” ಅಂದಳು. ನಾನು ಖುಷಿಯಲ್ಲಿ ಭೂಮಿಯ ಮೇಲೆ ಇರಲಿಲ್ಲ. “ಅದೆಲ್ಲ ನಿಂಗೆ ಅರ್ಥ ಆಗಲ್ಲ ಬುಡು ದೊಡ್ಡಮ್ಮ” ಅಂದೆ.

“ಹೂಂ ಬುಡವ್ವ, ನಂಗೆಲ್ಲಿ” ಎಂದು ನಕ್ಕು, ಮೈಸೂರುಪಾಕು ಬಾಯಿಗೆ ಹಾಕಿಕೊಂಡಳು.

ಮುಂದಿನ ವರ್ಷ ಒಂದು ವಾರದ ಜ್ವರದಲ್ಲಿ ಅವಳು ಹೋದಳು. ನಾನು ತುಮಕೂರಿನಿಂದ ಬರುವಷ್ಟರಲ್ಲಿ ಮಣ್ಣು ಮಾಡಿ ಆಗಿತ್ತು. ಈಗ ಕೆಲಸಕ್ಕೆ ಸೇರುವ ಹೊಸ ಹುಡುಗ ಹುಡುಗಿಯರಿಗೆಲ್ಲ ನಾನೇ ಕಲಿಸುತ್ತೇನೆ. ಈ ಕಥೆ ಹೇಳುವಾಗ ಅದು ನನಗೆ ಹೊಳೆದದ್ದಲ್ಲ, ನಮ್ಮ ದೊಡ್ಡಮ್ಮ ಕೇಳಿದ್ದು ಎನ್ನುತ್ತೇನೆ. ಎಲ್ಲರೂ ಬೆರಗಾಗುತ್ತಾರೆ. ಎಷ್ಟು ಜನಕ್ಕೆ ಹೇಳಿದರೂ ನನಗೆ ಸಮಾಧಾನವಿಲ್ಲ. ಏನು ಕೇಳಿದರು ಎಂದು ಅವಳು ಆಸೆಯಿಂದ ವಿಚಾರಿಸಿದ ಆ ದಿನ, ನಿನ್ನ ಪ್ರಶ್ನೆಯೇ ನನಗೆ ಕೆಲಸ ಕೊಡಿಸಿತು ದೊಡ್ಡಮ್ಮ ಎಂದು ಒಂದು ಮಾತು ಹೇಳಬಹುದಿತ್ತು. ಹೇಳಲಿಲ್ಲ.