ಬಣ್ಣ ಬಿಡಿಸುವ ಕೆಲಸ

ನಮ್ಮಪ್ಪ ದೊಡ್ಡಬಳ್ಳಾಪುರದಲ್ಲಿ ರೇಷ್ಮೆ ನೂಲಿಗೆ ಬಣ್ಣ ಹಾಕುತ್ತಿದ್ದರು. ತಾವು ಅದ್ದಿದ ನೂಲಿನ ಸೀರೆ ಬಣ್ಣ ಬಿಟ್ಟಿತು ಎಂಬ ಮಾತು ಕಿವಿಗೆ ಬಿದ್ದರೆ ಎರಡು ದಿನ ಸರಿಯಾಗಿ ಊಟ ಮಾಡುತ್ತಿರಲಿಲ್ಲ. ಅಂಥವರ ಮಗಳು ನಾನು, ತೊಂಬತ್ತರ ದಶಕದ ನಡುವೆ ಊರಿನ ಪಕ್ಕದ ಬಾಶೆಟ್ಟಿಹಳ್ಳಿಯ ಒಂದು ಕಾರ್ಖಾನೆಗೆ ಸೇರಿದೆ. ಹೊಸ ಜೀನ್ಸ್ ಪ್ಯಾಂಟುಗಳ ಬಣ್ಣ ಬಿಡಿಸುವುದು ಅಲ್ಲಿ ನನ್ನ ಕೆಲಸ. ಅಪ್ಪನಿಗೆ ಹಾಗೆಂದು ಹೇಳಲು ಬಾಯಿ ಬರಲಿಲ್ಲ. ಹೊಲಿಗೆ ವಿಭಾಗ ಅಂದುಬಿಟ್ಟೆ.

ಕಡುನೀಲಿ ಪ್ಯಾಂಟನ್ನು ಹಲಗೆಯ ಮೇಲೆ ಬಿಗಿಯಾಗಿ ಹಾಸಿ, ತೊಡೆ ಮತ್ತು ಮೊಣಕಾಲಿನ ಜಾಗವನ್ನು ಉಪ್ಪುಕಾಗದದಿಂದ ಉಜ್ಜಬೇಕಿತ್ತು. ಆಮೇಲೆ ಪ್ಯಾಂಟುಗಳು ಹಗುರವಾದ ತೂತುಗಲ್ಲುಗಳ ಜೊತೆ ದೊಡ್ಡ ಯಂತ್ರದೊಳಗೆ ಉರುಳುತ್ತಿದ್ದವು. ಹೊರಗೆ ಬಂದಾಗ ವರ್ಷಗಟ್ಟಲೆ ತೊಟ್ಟು ಒಗೆದಂತೆ ಕಾಣಬೇಕು. ಪಾಳಿಯಿಡೀ ನಿಂತು ಉಜ್ಜಿದ ಮೇಲೆ, ವಾಪಸು ಬರುವ ಬಸ್ಸಿನಲ್ಲಿ ಮೇಲಿನ ಕಂಬಿ ಹಿಡಿಯಲೂ ನನ್ನ ಬಲಗೈ ಏಳುತ್ತಿರಲಿಲ್ಲ.

ಸುಳ್ಳು ಮೂರು ತಿಂಗಳೂ ನಿಲ್ಲಲಿಲ್ಲ. ಒಂದು ಭಾನುವಾರ ಕಾಫಿ ಲೋಟ ಕೊಡುವಾಗ ಅಪ್ಪ ನನ್ನ ಉಗುರು ನೋಡಿದರು.

"ಹೊಲಿಗೆಯವ್ರಿಗೆ ಯಾಕಮ್ಮಾ ಉಗುರಿಗೆ ನೀಲಿ ಹತ್ತುತ್ತೆ?"

ಎಲ್ಲ ಹೇಳಿದೆ. ಬೈಯುತ್ತಾರೆ ಅಂದುಕೊಂಡಿದ್ದೆ. ಅವರು, "ಒಂದು ಚೂರು ಬಟ್ಟೆ ತಗೊಂಡ್ಬಾ, ನೋಡಾಣ," ಅಂದರು.

ಮರುದಿನ ಮೇಲ್ವಿಚಾರಕರನ್ನು ಕೇಳಿ, ಕತ್ತರಿಸಿ ಬಿಸಾಡಿದ್ದ ಒಂದು ತುಂಡು ತಂದೆ. ಅಪ್ಪ ಬಾಗಿಲ ಬೆಳಕಿಗೆ ಕೂತು ಎಳೆ ಬಿಡಿಸಿದರು. ಉದ್ದಕ್ಕೆ ಹಾಸಿದ ಎಳೆಗಳು ನೀಲಿ, ಅಡ್ಡಕ್ಕೆ ಹೊಕ್ಕವು ಬಿಳಿ. ಒಂದು ನೀಲಿ ಎಳೆಯ ಹುರಿ ಬಿಚ್ಚಿದರೆ, ಅದರ ಒಳಗೂ ಬಿಳಿ.

"ಬಣ್ಣ ಒಳಕ್ಕೆ ಇಳಿದೇ ಇಲ್ಲ ನೋಡು. ಮೇಲ್ಮೇಲೆ ಕೂತೈತೆ ಅಷ್ಟೆ. ಉಜ್ಜಿದಂಗೆ, ಒಗೆದಂಗೆ ಉದುರ್ತಾ ಹೋಗ್ತೈತೆ, ಒಳಗಿನ ಬಿಳಿ ಕಾಣ್ತೈತೆ. ಅವ್ರಿಗೆ ಬಣ್ಣ ಹಾಕಕ್ಕೆ ಬರಲ್ವೇನಮ್ಮಾ?"

"ಬೇಕಂತ್ಲೇ ಹಂಗೆ ಹಾಕ್ತಾರಂತೆ ಅಪ್ಪಾ. ಮಾಸಿದ್ರೇನೇ ಜನಕ್ಕೆ ಇಷ್ಟ."

ಅಪ್ಪ ನಗಲಿಲ್ಲ. ಎಳೆಯನ್ನು ಬೆರಳಿಗೆ ಸುತ್ತುತ್ತಾ, "ಭುಜ ನೋಯುತ್ತಾ?" ಅಂದರು.

"ಹೂಂ."

"ನಂಗೂ ಅಷ್ಟೆ. ಒದ್ದೆ ನೂಲು ಹಿಂಡಿ ಹಿಂಡಿ."

ಅಷ್ಟು ವರ್ಷದಲ್ಲಿ ಅವರು ತಮ್ಮ ನೋವಿನ ಮಾತಾಡಿದ್ದು ಅದೇ ಮೊದಲು. ನಾನು ಮುಲಾಮು ತಂದು ಅವರ ಭುಜಕ್ಕೆ ತಿಕ್ಕಿದೆ. ಆಮೇಲೆ ಅಮ್ಮ ನನಗೆ ತಿಕ್ಕಿದಳು.

ಇನ್ನೂ ಎರಡು ವರ್ಷ ಅಲ್ಲೇ ದುಡಿದೆ. ನನ್ನನ್ನು ಪ್ಯಾಕಿಂಗಿಗೆ ಹಾಕಿ ಎಂದು ಕೇಳಿದಾಗಲೆಲ್ಲ ಮೇಲ್ವಿಚಾರಕರದು ಒಂದೇ ಮಾತು: "ನಿನ್ನಷ್ಟು ಸಮವಾಗಿ ಉಜ್ಜೋರು ಯಾರೂ ಇಲ್ಲ ಕಣಮ್ಮಾ." ಕೊನೆಗೆ ತಲೆ ಬಾಚಿಕೊಳ್ಳಲು ಕೈ ಎತ್ತಲಾಗದ ಒಂದು ಬೆಳಿಗ್ಗೆ, ಇನ್ನು ಹೋಗುವುದಿಲ್ಲ ಅಂದೆ. ಅಪ್ಪ ಯಾಕೆ ಎಂದು ಕೇಳಲಿಲ್ಲ. "ಸರಿ, ಮಲ್ಕೋ ಹೋಗು," ಅಂದರು. ಸುತ್ತಲಿನ ಮನೆಗಳ ಮಗ್ಗಗಳೆಲ್ಲ ಬಡಿಯುತ್ತಿದ್ದವು. ಆ ಸದ್ದಿನಲ್ಲೇ ಮಧ್ಯಾಹ್ನದವರೆಗೆ ಮಲಗಿದೆ. ಯಾರೂ ಎಬ್ಬಿಸಲಿಲ್ಲ.